ಪಾರಿಜಾತ ಬರೇ ಆಟವಂತೆ, ಸೌಭದ್ರ ಮಾತ್ರ ನಾಟಕವಂತೆ!

ಕೌಜಲಗಿಯ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಈಚೆಗೆ ಒಂದು ಮಾತು ಕಿವಿಗೆ ಬಿತ್ತು. ಬಾಯೊಳಗಿನ ಚಹಾ ಗಂಟಲಿಗೆ ಇಳಿಯಲಿಲ್ಲ. ಹೇಳಿದವರು ಹೊರಗಿನವರಲ್ಲ, ಗಡಿಯಾಚೆಯ ಪುಢಾರಿಯೂ ಅಲ್ಲ. ನಮ್ಮವರೇ. ಕನ್ನಡ ಸಾಲಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿ, ಈಗ ಪಿಂಚಣಿ ತಿನ್ನುತ್ತಿರುವ ಹಿರಿಯ ಮಾಸ್ತರರು.

"ತಮ್ಮಾ, ನೀ ಏನರ ಅನ್ನು. ನಾಟಕ ಅಂದರ ಸೌಭದ್ರ. ಮಿರಜದಾಗ ನೋಡೀನಿ ನಾನು. ಏನು ಪದಾ, ಏನು ಮಾತು! ನಮ್ಮ ಪಾರಿಜಾತ ಏನು ನಾಟಕ ಏನೋ? ಅದು ಬರೇ ಆಟ. ಸುಗ್ಗಿ ಮುಗದ ಮ್ಯಾಲೆ ರಾತ್ರಿ ಹೊತ್ತು ಹೋಗಬೇಕಲ್ಲ, ಅದಕ್ಕ ಇಟಗೊಂಡಿದ್ದರು."

"ಅಲ್ಲರೀ ಮಾಸ್ತರ, ಪಾರಿಜಾತ ಪೂರಾ ಎಷ್ಟು ಸಲ ನೋಡೀರಿ?"

"ಪೂರಾ ಯಾರು ಕುಂಡರತಾರೋ? ಸಣ್ಣಾಂವ ಇದ್ದಾಗ ನಮ್ಮಪ್ಪನ ಮಗ್ಗಲಾಗ ಮಲಗಿ ಅರ್ಧಾ ನೋಡಿದ್ದೆ."

ಕೇಳಿದಿರಾ ತೀರ್ಪು! ಒಂದನ್ನು ಟಿಕೆಟ್ ತೆಗೆಸಿ, ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಕಣ್ಣು ಬಿಟ್ಟು ನೋಡಿದ್ದಾರೆ. ಇನ್ನೊಂದನ್ನು ಕಂಬಳಿಯೊಳಗೆ ನಿದ್ದೆಗಣ್ಣಿನಲ್ಲಿ ಅರ್ಧ ನೋಡಿದ್ದಾರೆ. ಆಮೇಲೆ ಯಾವುದು ಮೇಲು ಎಂದು ಫೈಸಲಾ ಮಾಡಿದ್ದಾರೆ. ಇವರೊಬ್ಬರೇ ಆಗಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಆದರೆ ನಮ್ಮ ಸೀಮೆಯಲ್ಲಿ ನಾಲ್ಕಕ್ಷರ ಕಲಿತ ಹತ್ತು ಮಂದಿಯನ್ನು ಕೇಳಿ ನೋಡಿ. ಬಹಳಷ್ಟು ಮಂದಿಯ ಮನಸ್ಸಿನೊಳಗೆ ಇದೇ ತೀರ್ಪು ಕುಳಿತಿದೆ. ಮರಾಠಿಯದು ನಾಟಕ, ನಮ್ಮದು ಆಟ. ಅದು ಸಂಸ್ಕೃತಿ, ಇದು ಜಾನಪದ. ಅದು ಕಲೆ, ಇದು ಕಾಲಹರಣ.

ಈ ತೀರ್ಪಿನ ಮೇಲೆ ಇವತ್ತು ಮೇಲ್ಮನವಿ ಸಲ್ಲಿಸುತ್ತಿದ್ದೇನೆ. ನ್ಯಾಯಾಧೀಶರು ನೀವೇ!

ಎರಡೂ ಕೃಷ್ಣನ ನಗೆಯಾಟ, ಎರಡಕ್ಕೂ ಇದೇ ಜಿಲ್ಲೆಯ ನಂಟು

ಮೊದಲು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಣ. ಇಡಬಹುದೇ ಎಂದು ಕೇಳುವವರಿಗೆ ಉತ್ತರ: ಧಾರಾಳವಾಗಿ ಇಡಬಹುದು. ಎರಡರಲ್ಲೂ ದ್ವಾರಕೆಯ ಕೃಷ್ಣನಿದ್ದಾನೆ. ಎರಡರಲ್ಲೂ ನಾರದ ಬರುತ್ತಾನೆ. ಎರಡರಲ್ಲೂ ವೇಷ ಮರೆಸುವ ತಂತ್ರವಿದೆ. ಎರಡೂ ಹಾಡಿನಿಂದ ನಡೆಯುತ್ತವೆ. ಎರಡೂ ಮನೆಯೊಳಗಿನ ಜಗಳವನ್ನು ನಗೆಯಲ್ಲಿ ಮುಗಿಸುತ್ತವೆ.

ಶ್ರೀಕೃಷ್ಣ ಪಾರಿಜಾತದ ಮೂಲ ಕೃತಿ ಅಪರಾಳ ತಮ್ಮಣ್ಣನದೆಂದೂ, ಅದನ್ನು ತಿದ್ದಿ ಬೆಳೆಸಿ ರಂಗಕ್ಕೆ ತಂದವನು ಕುಲಗೋಡ ತಮ್ಮಣ್ಣನೆಂದೂ ವಿದ್ವಾಂಸರು ಹೇಳುತ್ತಾರೆ. ಕುಲಗೋಡ ಎಲ್ಲಿದೆ? ನಮ್ಮ ಕೌಜಲಗಿಯ ನೆರೆಯಲ್ಲಿದೆ. ಆ ಆಟವನ್ನು ಮುಂದೆ ಊರೂರಿಗೆ ಒಯ್ದು ಹೆಸರು ಗಳಿಸಿದ ಕಲಾವಿದೆ ಯಾರು? ಕೌಜಲಗಿ ನಿಂಗಮ್ಮ. ಗಂಡಸರೇ ಸೀರೆ ಉಟ್ಟು ಹೆಣ್ಣಾಗುತ್ತಿದ್ದ ರಂಗದಲ್ಲಿ ಹೆಣ್ಣುಮಗಳೊಬ್ಬಳು ನಿಂತು ಹಾಡಿ ಗೆದ್ದಳು. ನಮ್ಮ ಊರಿನ ಹೆಸರು ಆಕೆಯ ಹೆಸರಿಗೆ ಅಂಟಿಕೊಂಡಿತು. ಇವತ್ತಿಗೂ ದೂರದ ಊರಿನಲ್ಲಿ "ಕೌಜಲಗಿ" ಎಂದರೆ "ನಿಂಗಮ್ಮನ ಊರಾ?" ಎಂದು ಕೇಳುವ ಹಿರಿಯರಿದ್ದಾರೆ.

ಇನ್ನು ಸಂಗೀತ ಸೌಭದ್ರ. ಬರೆದವರು ಅಣ್ಣಾಸಾಹೇಬ ಕಿರ್ಲೋಸ್ಕರ. ಮೊದಲ ಮೂರು ಅಂಕಗಳು 1882ರ ನವೆಂಬರ್‌ನಲ್ಲಿ ಪುಣೆಯ ರಂಗವನ್ನು ಕಂಡವು. ಮರಾಠಿ ಸಂಗೀತ ನಾಟಕದ ಕಿರೀಟ ಎಂದು ಅವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಮೆರೆಸಲಿ. ಆದರೆ ಈ ಅಣ್ಣಾಸಾಹೇಬರು 1843ರಲ್ಲಿ ಹುಟ್ಟಿದ್ದು ಎಲ್ಲಿ ಗೊತ್ತೇ? ಪುಣೆಯಲ್ಲಲ್ಲ, ಸಾತಾರೆಯಲ್ಲಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ! 1885ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಅಲ್ಲಿಯೇ.

ಹೀಗೆ ನಮ್ಮ ಮುಂದಿರುವ ಎರಡು ನಗೆನಾಟಕಗಳ ಹಿಂದೆ ಒಂದೇ ಜಿಲ್ಲೆಯ ಮಣ್ಣಿದೆ. ಒಂದು ಮರಾಠಿ ಮಾತಾಡಿ ಪುಣೆಗೆ ಹೋಗಿ ದೊಡ್ಡ ಮನೆ ಕಟ್ಟಿಸಿತು. ಇನ್ನೊಂದು ಕನ್ನಡ ಮಾತಾಡುತ್ತ ಊರ ಬಯಲಿನಲ್ಲಿ ಉಳಿಯಿತು. ದೊಡ್ಡ ಮನೆಯವನನ್ನು ಸಾಹೇಬ ಎಂದು, ಊರಲ್ಲಿ ಉಳಿದವನನ್ನು ಹಳ್ಳಿಗುಗ್ಗು ಎಂದು ಕರೆಯುವುದು ನಮ್ಮ ಹಳೆಯ ರೋಗ!

ಮರ ಯಾರ ಅಂಗಳದ್ದು?

ಪಾರಿಜಾತದ ಕತೆಯ ಕೊನೆಯ ಒಂದು ಮಾತು ಮನೆಮನೆಯ ಅಜ್ಜಿಗೂ ಗೊತ್ತು. ಕೃಷ್ಣ ಸ್ವರ್ಗದಿಂದ ಮರ ಕಿತ್ತು ತಂದು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟನಂತೆ. ಮರ ಭಾಮೆಯ ಅಂಗಳದ್ದು. ಹೂವು ಉದುರುತ್ತಿದ್ದದ್ದು ಮಾತ್ರ ರುಕ್ಮಿಣಿಯ ಅಂಗಳದಲ್ಲಿ!

ನಮ್ಮ ರಂಗಭೂಮಿಯ ಚರಿತ್ರೆಯೂ ಇದೇ ಅಲ್ಲವೇ?

ಮರಾಠಿ ನಾಟಕದ ಹುಟ್ಟನ್ನು ಅವರೇ 1843ಕ್ಕೆ ಇಟ್ಟಿದ್ದಾರೆ. ಆ ವರ್ಷ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದರು. ಅದಕ್ಕೆ ಒಂದು ವರ್ಷ ಮುಂಚೆ ಸಾಂಗಲಿಯ ಪಟವರ್ಧನ ಸಂಸ್ಥಾನಿಕರ ಮುಂದೆ ಆಟ ಆಡಿದವರು ಯಾರು? ಉತ್ತರ ಕನ್ನಡದ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳದವರು. ಕನ್ನಡದ ಯಕ್ಷಗಾನದವರು! ಅದನ್ನು ನೋಡಿ ದಂಗಾದ ಚಿಂತಾಮಣರಾವ ಪಟವರ್ಧನರು, ಇಂಥದನ್ನು ಮರಾಠಿಯಲ್ಲಿಯೂ ಮಾಡು ಎಂದು ಭಾವೆಗೆ ಅಪ್ಪಣೆ ಕೊಟ್ಟರು. ಇದು ನಾನು ಕಟ್ಟಿದ ಕತೆಯಲ್ಲ. ಮರಾಠಿ ರಂಗಭೂಮಿಯ ಚರಿತ್ರೆ ಬರೆದ ಮರಾಠಿಗರೇ ಒಪ್ಪಿ ಬರೆದ ಸಂಗತಿ.

ಭಾವೆಯವರ ನಾಟಕದಲ್ಲಿ ಹಾಡುವ ಭಾರ ಸೂತ್ರಧಾರನದು. ಪಾತ್ರಗಳು ಕುಣಿದು ಮಾತಾಡಬೇಕು ಅಷ್ಟೇ. ಪಾತ್ರಗಳೇ ಹಾಡುವ ರೂಢಿಯನ್ನು ಅಲ್ಲಿ ನೆಲೆಗೊಳಿಸಿದವರು ಕಿರ್ಲೋಸ್ಕರರು. ಅದೇ ಅವರ ದೊಡ್ಡ ಕ್ರಾಂತಿ ಎನ್ನುತ್ತಾರೆ. ಆದರೆ ನಮ್ಮ ಪಾರಿಜಾತದಲ್ಲಿ ಭಾಮೆ ತನ್ನ ಸಂಕಟವನ್ನು ತಾನೇ ಹಾಡುತ್ತಾಳೆ, ಕೃಷ್ಣ ತನ್ನ ಸುಳ್ಳನ್ನು ತಾನೇ ಹಾಡುತ್ತಾನೆ, ಹಿಮ್ಮೇಳ ಹಿಂದಿನಿಂದ ಎತ್ತಿಕೊಳ್ಳುತ್ತದೆ. ಪುಣೆಯಲ್ಲಿ ನೋಡಿದ ಪಾರ್ಸಿ ನಾಟಕದಿಂದ ಕಿರ್ಲೋಸ್ಕರರಿಗೆ ಸ್ಫೂರ್ತಿ ಬಂತೆಂದು ಮರಾಠಿಗರು ಹೇಳುತ್ತಾರೆ. ಪಾರಿಜಾತದಿಂದಲೇ ಬಂತೆಂದು ನಮ್ಮವರು ಎದೆ ತಟ್ಟುತ್ತಾರೆ. ಎರಡೂ ಇದ್ದೀತು. ಬೆಳಗಾವಿ ಸೀಮೆಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೌಕರಿ ಮಾಡಿದ ಹಾಡಿನ ಹುಚ್ಚಿನ ಮನುಷ್ಯನ ಕಿವಿಗೆ ಕನ್ನಡದ ಧಾಟಿ ಬೀಳಲಿಲ್ಲ ಎಂದರೆ ಯಾರು ನಂಬುತ್ತಾರೆ? ಅವರ ನಾಟಕಗಳ ಪದಗಳಲ್ಲಿ ಕರ್ನಾಟಕದ ಧಾಟಿಗಳು ಸೇರಿಕೊಂಡಿರುವುದು ಸಂಗೀತ ಬಲ್ಲವರಿಗೆಲ್ಲ ಗೊತ್ತಿರುವ ಮಾತು.

ಇಲ್ಲಿ ಒಂದು ಎಚ್ಚರಿಕೆ. "ಅವರು ನಮ್ಮದನ್ನು ಕದ್ದರು" ಎಂದು ಕೂಗಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ನಾನು ಹಾಗೆ ಕೂಗುವುದಿಲ್ಲ. ಕಲಿಯುವುದು ಕಳ್ಳತನವಲ್ಲ. ನಮ್ಮ ಕಂಪನಿ ನಾಟಕಗಳೂ ಮರಾಠಿ ಕಂಪನಿಗಳಿಂದ ಪರದೆ, ಪೇಟಿ, ರಂಗಸಜ್ಜಿಕೆ ಎಲ್ಲವನ್ನೂ ಕಲಿತಿವೆ. ಗದಗಿನ ಶಾಂತಕವಿಗಳು ಕನ್ನಡ ನಾಟಕಕ್ಕೆ ಕೈ ಹಾಕಿದ್ದೇ ಕನ್ನಡ ನೆಲದಲ್ಲಿ ಮರಾಠಿ ಕಂಪನಿಗಳು ಮೆರೆಯುವುದನ್ನು ನೋಡಲಾರದೆ. ಛಲವನ್ನೂ ಅವರಿಂದಲೇ ಕಲಿತೆವು. ಕೊಟ್ಟೆವು, ಕೊಂಡೆವು. ಲೆಕ್ಕ ಚುಕ್ತಾ.

ಆದ್ದರಿಂದ ಯಾರು ಯಾರಿಗೆ ಗುರು ಎಂಬುದರ ಮೇಲೆ ನನ್ನ ವಾದ ನಿಂತಿಲ್ಲ. ಆಟದ ಗುಣದ ಮೇಲೆ ನಿಂತಿದೆ. ಬನ್ನಿ, ಗುಣಕ್ಕೆ ಗುಣ ಇಟ್ಟು ನೋಡೋಣ.

ಸೌಭದ್ರದ ಹಿರಿಮೆಯನ್ನು ಮುಚ್ಚಿಡುವುದಿಲ್ಲ

ಎದುರಾಳಿಯ ಬಲ ಹೇಳದೆ ಕುಸ್ತಿ ಗೆದ್ದೆನೆನ್ನುವವನು ಹೇಡಿ. ಸೌಭದ್ರ ಗಟ್ಟಿ ನಾಟಕ. ಸುಭದ್ರೆಯ ಮನಸ್ಸು ಅರ್ಜುನನ ಮೇಲೆ. ಅಣ್ಣ ಬಲರಾಮ ಅವಳನ್ನು ದುರ್ಯೋಧನನಿಗೆ ಕೊಡಲು ಪಣ ತೊಟ್ಟಿದ್ದಾನೆ. ನಡುವೆ ಕೃಷ್ಣ, ಎಲ್ಲವನ್ನೂ ಬಲ್ಲವನು, ಏನೂ ಅರಿಯದವನಂತೆ ನಗುತ್ತ ದಾಳ ಉರುಳಿಸುತ್ತಾನೆ. ತೀರ್ಥಯಾತ್ರೆಗೆ ಹೊರಟ ಅರ್ಜುನ ಸನ್ಯಾಸಿಯಾಗುತ್ತಾನೆ. ಆ ಕಪಟ ಯತಿಯ ಕಾಲಿಗೆ ಬಲರಾಮನೇ ಬೀಳುತ್ತಾನೆ, ತಂಗಿಯನ್ನು ಅವನ ಸೇವೆಗೆ ಹಚ್ಚುತ್ತಾನೆ! ಇಲ್ಲಿ ನಗದವನು ಕಲ್ಲು.

ಐದು ಅಂಕ. ಒಂದು ಗಂಟು ಬಿಚ್ಚುವಷ್ಟರಲ್ಲಿ ಇನ್ನೊಂದು ಗಂಟು. ಹಾಡುಗಳಂತೂ ಬಾಯಿಂದ ಬಾಯಿಗೆ ಇವತ್ತಿಗೂ ಉಳಿದಿವೆ. ಭಾವುರಾವ ಕೊಲ್ಹಟಕರ, ಆಮೇಲೆ ಬಾಲಗಂಧರ್ವ, ಇಂಥವರ ಕಂಠ ಅದಕ್ಕೆ ಸಿಕ್ಕಿತು. ಮರಾಠಿಗರು ಆ ನಾಟಕವನ್ನು ಅಚ್ಚು ಹಾಕಿಸಿದರು, ಮಕ್ಕಳಿಗೆ ಓದಿಸಿದರು, ಹಾಡು ಧ್ವನಿಮುದ್ರಿಸಿದರು. ನೂರಾ ನಲವತ್ತು ವರ್ಷ ಕಳೆದರೂ ಹೊಸ ಹುಡುಗರು ಅದನ್ನು ಆಡುತ್ತಿದ್ದಾರೆ. ಇದಕ್ಕೆ ಕೈ ಮುಗಿಯುತ್ತೇನೆ. ತಮ್ಮದನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬ ಪಾಠವನ್ನು ಅವರಿಂದ ಕಲಿಯಬೇಕು.

ಇಷ್ಟನ್ನೂ ಒಪ್ಪಿದ ಮೇಲೆಯೂ ಹೇಳುತ್ತೇನೆ: ನನ್ನ ಮತ ಪಾರಿಜಾತಕ್ಕೆ! ಕನ್ನಡದ್ದು ಎಂಬ ಒಂದೇ ಕಾರಣಕ್ಕಲ್ಲ. ನಗೆಯ ಆಳ ಯಾವುದರಲ್ಲಿದೆ ಎಂದು ಅಳೆದು ನೋಡಿ ಹೇಳುತ್ತೇನೆ.

ಯಾರು ಯಾರನ್ನು ನೋಡಿ ನಗುತ್ತಾರೆ?

ಯಾವುದೇ ನಗೆನಾಟಕಕ್ಕೆ ಹಾಕಬೇಕಾದ ಒರೆಗಲ್ಲು ಇದೊಂದೇ. ನಗುವವರು ಯಾರು, ನಗೆಪಾಟಲಾಗುವವರು ಯಾರು?

ಸೌಭದ್ರದಲ್ಲಿ ಕೃಷ್ಣ ಮೇಲೆ ಕುಳಿತಿದ್ದಾನೆ. ಅವನಿಗೆ ಎಲ್ಲವೂ ಗೊತ್ತು. ಬಲರಾಮನಿಗೆ ಗೊತ್ತಿಲ್ಲ, ಸುಭದ್ರೆಗೆ ಗೊತ್ತಿಲ್ಲ, ಅರ್ಜುನನಿಗೂ ಪೂರ್ತಿ ಗೊತ್ತಿಲ್ಲ. ನಾವು ಕೃಷ್ಣನ ಪಕ್ಕ ಕುಳಿತು, ತಿಳಿಯದವರನ್ನು ನೋಡಿ ನಗುತ್ತೇವೆ. ಸುಭದ್ರೆಯ ಗತಿ ನೋಡಿ. ಅಣ್ಣ ಒಬ್ಬನಿಗೆ ಕೊಡಲು ಹೊರಡುತ್ತಾನೆ, ಇನ್ನೊಬ್ಬ ಅಣ್ಣ ಮತ್ತೊಬ್ಬನಿಗೆ ಕೊಡಲು ಸಂಚು ಹೂಡುತ್ತಾನೆ, ಘಟೋತ್ಕಚ ಹೊತ್ತುಕೊಂಡು ಹೋಗುತ್ತಾನೆ. ಅವಳು ಅಳುತ್ತಾಳೆ, ಹಾಡುತ್ತಾಳೆ, ಕಾಯುತ್ತಾಳೆ. ಕೊನೆಗೆ ಬಯಸಿದ ಗಂಡ ಸಿಕ್ಕ, ಸರಿ. ಆದರೆ ಅವಳ ಕೈಯಲ್ಲಿ ಏನಿತ್ತು? ಪಗಡೆಯ ಕಾಯಿಗೆ ಇರುವಷ್ಟೇ ಅಧಿಕಾರ.

ಈಗ ಪಾರಿಜಾತಕ್ಕೆ ಬನ್ನಿ. ನಾರದ ಒಂದೇ ಒಂದು ಹೂವು ತಂದ. ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸಿದ. ನಾರದ ನೇರ ಭಾಮೆಯ ಮನೆಗೆ ಹೋಗಿ ಕಿವಿ ಊದಿದ. ಹೊತ್ತಿಕೊಂಡಿತು! ಹದಿನಾಲ್ಕು ಲೋಕ ಆಳುವ ಪರಮಾತ್ಮನಿಗೆ ಎರಡು ಮನೆಯ ನಡುವೆ ಒಂದು ಹೂವಿನ ನ್ಯಾಯ ಬಗೆಹರಿಸಲು ಬರಲಿಲ್ಲ. ಇಲ್ಲಿ ತಪ್ಪು ಮಾಡಿದವನು ದೇವರು. ಸಿಕ್ಕಿಬಿದ್ದವನು ದೇವರು. ಬಾಗಿಲ ಹೊರಗೆ ನಿಂತು ಗೋಗರೆಯುವವನು ದೇವರು. ಒಳಗೆ ಚಿಲಕ ಹಾಕಿಕೊಂಡು ಪ್ರಶ್ನೆ ಕೇಳುವವಳು ಹೆಣ್ಣು!

ಭಾಮೆಯ ಪ್ರಶ್ನೆ ಏನು? ಹೂವಿನ ಆಸೆ ಎಂದು ತಿಳಿದವರು ದಡ್ಡರು. "ನನ್ನ ಮನೆಯಲ್ಲಿ ನಾನು ಎರಡನೆಯವಳೇಕೆ?" ಇದು ಅವಳ ಪ್ರಶ್ನೆ. ಬಯಲಿನಲ್ಲಿ ಕುಳಿತ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದುದು ಯಾಕೆ? ತಾವು ಮನೆಯಲ್ಲಿ ಆಡಲಾಗದ ಮಾತನ್ನು ಅವಳು ದೇವರ ಮುಖಕ್ಕೆ ಆಡುತ್ತಿದ್ದಾಳೆ ಎಂದು. ಕನ್ನಡಿಗರೇ, ಈ ಪ್ರಶ್ನೆಯನ್ನು ನಾವು ನೀವು ಎಷ್ಟು ಸಲ ಕೇಳಿದ್ದೇವೆ! ನಮ್ಮ ನೆಲದಲ್ಲಿ, ನಮ್ಮ ಕಚೇರಿಯಲ್ಲಿ, ನಮ್ಮ ಬ್ಯಾಂಕಿನ ಕಿಂಡಿಯಲ್ಲಿ ನಮ್ಮ ಮಾತು ಎರಡನೆಯದೇಕೆ? ಭಾಮೆ ನಮ್ಮ ಚಳವಳಿಯ ಅಕ್ಕ!

ಇನ್ನು ಕೃಷ್ಣ ಆ ಬಾಗಿಲು ತೆಗೆಸುವುದಾದರೂ ಹೇಗೆ? ಚಕ್ರದಿಂದಲ್ಲ, ಶಂಖದಿಂದಲ್ಲ. ಕೊರವಂಜಿಯಾಗಿ! ಊರೂರು ತಿರುಗಿ ಕೈ ನೋಡಿ ಕಣಿ ಹೇಳುವ, ಊರ ಹೊರಗೆ ಗುಡಿಸಲು ಹಾಕುವ ಬಡ ಹೆಣ್ಣಿನ ವೇಷ ತೊಟ್ಟು ದೇವರು ರಾಣಿಯ ಮುಂದೆ ನಿಲ್ಲುತ್ತಾನೆ. ದೇವರ ಮಾತಿಗೆ ತೆರೆಯದ ಮನಸ್ಸು ಕೊರವಿಯ ಮಾತಿಗೆ ತೆರೆಯುತ್ತದೆ. ಸೌಭದ್ರದಲ್ಲಿಯೂ ವೇಷವಿದೆ. ಅಲ್ಲಿ ಕ್ಷತ್ರಿಯ ಸನ್ಯಾಸಿಯಾಗುತ್ತಾನೆ. ಎಲ್ಲರೂ ಕಾಲಿಗೆ ಬೀಳುವ ವೇಷ ಅದು, ಮೇಲೇರುವ ವೇಷ. ಇಲ್ಲಿ ದೇವರು ಕೊರವಿಯಾಗುತ್ತಾನೆ. ಇದು ಕೆಳಗಿಳಿಯುವ ವೇಷ. ಈ ಎರಡು ವೇಷಗಳ ನಡುವಿನ ಅಂತರವೇ ಎರಡು ನಾಟಕಗಳ ನಡುವಿನ ಅಂತರ. ಒಂದು ನಗೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಇನ್ನೊಂದು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ.

ಭಾಷೆಯ ಮಾತಿಗೆ ಬರೋಣ. ಪಾರಿಜಾತದಲ್ಲಿ ಕೃಷ್ಣ ಭಾಮೆಯರ ಪದ ಬಿಗಿಯಾದ ಕನ್ನಡದಲ್ಲಿ ಸಾಗುತ್ತದೆ. ಮರುಕ್ಷಣವೇ ಗೊಲ್ಲತಿ ಬಾಯಿ ತೆರೆದರೆ ನಮ್ಮ ಓಣಿಯ ಮಾತು! ಕೆಣಕಿದವನಿಗೆ ಅವಳು ಕೊಡುವ ತಿರುಗೇಟು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಅದು ಆ ಊರಿನ, ಆ ರಾತ್ರಿಯ ಮಾತು. ಭಾಗವತ ಸುಮ್ಮನೆ ಹಾಡುವ ಗೊಂಬೆಯಲ್ಲ. ದೇವರನ್ನೂ ಬಿಡದೆ, ರಾಣಿಯನ್ನೂ ಬಿಡದೆ, ಮುಂದೆ ಕುಳಿತ ಗೌಡನನ್ನೂ ಬಿಡದೆ ಚುಚ್ಚುತ್ತಾನೆ. ಮೇಳದಿಂದ ಮೇಳಕ್ಕೆ, ಊರಿಂದ ಊರಿಗೆ ಮಾತು ಬದಲಾಗುತ್ತದೆ. ಕಬ್ಬಿನ ಬಿಲ್ಲು ಬರಲಿಲ್ಲ ಎಂಬ ಸಂಕಟವೂ ದ್ವಾರಕೆಯೊಳಗೆ ನುಸುಳಬಹುದು. ಗಟ್ಟಿ ಪದ ಒಂದು ದಂಡೆ, ಬಿಚ್ಚು ಮಾತು ಇನ್ನೊಂದು ದಂಡೆ. ನಡುವೆ ಘಟಪ್ರಭೆಯಂತೆ ಆಟ ಹರಿಯುತ್ತದೆ. ಸೌಭದ್ರದ ಮಾತು ಚೆಂದ, ಆದರೆ ಬರೆದಿಟ್ಟ ಮಾತು. ಪುಣೆಯಲ್ಲಿ ಆಡಿದರೂ ಅದೇ, ನಾಗಪುರದಲ್ಲಿ ಆಡಿದರೂ ಅದೇ.

ಆಕ್ಷೇಪಗಳಿಗೆ ಉತ್ತರ

"ಪಾರಿಜಾತದಲ್ಲಿ ಅಶ್ಲೀಲ ಮಾತು ಇವೆ" ಎನ್ನುತ್ತಾರೆ. ಒರಟು ಮಾತು ಇವೆ, ಹೌದು. ಕೆಲವು ಮೇಳಗಳು ಚಪ್ಪಾಳೆಯ ಆಸೆಗೆ ಗೆರೆ ದಾಟಿದ್ದೂ ಉಂಟು. ಆದರೆ ಹೊಲದಲ್ಲಿ ಕಸ ಬೆಳೆದರೆ ಕಸ ಕೀಳುತ್ತೇವೆಯೋ, ಹೊಲ ಮಾರುತ್ತೇವೆಯೋ? ಸಿನಿಮಾದಲ್ಲಿ, ಟೀವಿಯಲ್ಲಿ ಮನೆಮಂದಿಯೆಲ್ಲ ಕುಳಿತು ನೋಡುವ ಹೊಲಸಿಗೆ ಬಾಯಿ ಮುಚ್ಚಿಕೊಳ್ಳುವವರು ಗೊಲ್ಲತಿಯ ಮಾತಿಗೆ ಮೂಗು ಮುಚ್ಚಿಕೊಳ್ಳುವುದು ಯಾವ ನ್ಯಾಯ?

"ಅದಕ್ಕೆ ಕಟ್ಟುನಿಟ್ಟಾದ ರಚನೆ ಇಲ್ಲ, ಬೇಕಾದಷ್ಟು ಎಳೆಯಬಹುದು" ಎನ್ನುತ್ತಾರೆ. ಇದು ಅರ್ಧ ಸತ್ಯ. ಒಬ್ಬ ಕೆಟ್ಟ ಕಲಾವಿದನ ಕೈಯಲ್ಲಿ ಪಾರಿಜಾತ ಬೇಸರ ತರಿಸುತ್ತದೆ. ಸೌಭದ್ರವನ್ನು ಸಾಧಾರಣ ನಟನೂ ದಡ ಮುಟ್ಟಿಸಬಲ್ಲ, ಬರೆದವನ ಬಲ ಅವನ ಹಿಂದಿದೆ. ಪಾರಿಜಾತಕ್ಕೆ ಕಲಾವಿದನೇ ಬಲ. ಅದಕ್ಕೇ ನಿಂಗಮ್ಮನಂಥವರು ಬೇಕಾಗುತ್ತಾರೆ. ಅದಕ್ಕೇ ಒಬ್ಬ ಹಿರಿಯ ಕಲಾವಿದ ಸತ್ತರೆ ಅರ್ಧ ಪಾರಿಜಾತ ಅವನ ಸಂಗಡ ಮಣ್ಣಿಗೆ ಹೋಗುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಇದೇ ನಮ್ಮ ಬೇಡಿಕೆಯ ಬೇರು.

"ಅದು ಸಣ್ಣಾಟ" ಎಂದು ಇನ್ನು ಕೆಲವರ ವ್ಯಂಗ್ಯ. ಸ್ವಾಮಿ, ಕಿರೀಟ, ಭುಜಕೀರ್ತಿಗಳ ಅಬ್ಬರವಿದ್ದದ್ದು ದೊಡ್ಡಾಟ. ಮನೆಮಾತಿನ ಕತೆ, ಸಾದಾ ಉಡುಪು ಇದ್ದದ್ದು ಸಣ್ಣಾಟ. ಹೆಸರಿನಲ್ಲಿ ಸಣ್ಣದು ಇದ್ದ ಮಾತ್ರಕ್ಕೆ ಗುಣ ಸಣ್ಣದಾಗುತ್ತದೆಯೇ? ಸಣ್ಣಕ್ಕಿಯ ಅನ್ನವನ್ನು ಯಾರಾದರೂ ಕಡಿಮೆ ಎನ್ನುತ್ತಾರೆಯೇ?

"ಇಂಥ ಆಟದಿಂದ ಆಧುನಿಕ ನಾಟಕ ಹುಟ್ಟೀತೇ?" ಎಂದು ಪಟ್ಟಣದ ಪಂಡಿತರ ಪ್ರಶ್ನೆ. ಹುಟ್ಟಿದೆಯಲ್ಲ! ನಮ್ಮ ಮಗ್ಗುಲ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟದ ಮಣ್ಣಿನಿಂದಲೇ 'ಜೋಕುಮಾರಸ್ವಾಮಿ' ಎತ್ತಿದರು. 1972ರಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದಾಗ ರಾಜಧಾನಿಯ ಮಂದಿ ಬಾಯಿ ಬಿಟ್ಟು ನೋಡಿದರು. ಮುಂದೆ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠವೂ ಬಂತು. ಬೇರು ಜೀವಂತವಾಗಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ತಪ್ಪು ಯಾರದು?

ಇನ್ನು ಕಹಿ ಮಾತು. ಪಾರಿಜಾತವನ್ನು ಕೆಳಗಿಟ್ಟವರು ಮರಾಠಿಗರಲ್ಲ. ನಾವು!

ಮುಂಬಯಿ ಪ್ರಾಂತದ ಕಾಲದಲ್ಲಿ ಈ ಸೀಮೆಯಲ್ಲಿ ಮರಾಠಿ ಅಧಿಕಾರದ ಮಾತಾಗಿತ್ತು. ಕನ್ನಡ ಮಕ್ಕಳೂ ಮರಾಠಿ ಸಾಲಿಗೆ ಹೋಗುತ್ತಿದ್ದರು. ಆಗ ಡೆಪ್ಯೂಟಿ ಚನ್ನಬಸಪ್ಪನವರಂಥ ಧೀರರು ಕನ್ನಡ ಸಾಲಿಗಳನ್ನು ತೆರೆಸಿದರು, ಸಾಲದ್ದಕ್ಕೆ ಶೇಕ್ಸ್‌ಪಿಯರನ ಒಂದು ನಗೆನಾಟಕವನ್ನೂ ಕನ್ನಡಕ್ಕೆ ತಂದರು. ಅವರ ಬೆವರಿನಿಂದ ಸಾಲಿ ಕನ್ನಡವಾಯಿತು. ಆದರೆ ಸಾಲಿ ಕಲಿತವರ ರುಚಿ ಮಾತ್ರ ಹಳೆಯ ಧಣಿಯ ಹಿಂದೆಯೇ ಹೋಯಿತು. 1956ರಲ್ಲಿ ರಾಜ್ಯ ಒಂದಾಯಿತು. 1967ರಲ್ಲಿ ಮಹಾಜನ ವರದಿ ಬೆಳಗಾವಿ ಕರ್ನಾಟಕದ್ದೇ ಎಂದಿತು. 2012ರಲ್ಲಿ ಸುವರ್ಣ ವಿಧಾನಸೌಧ ಎದ್ದಿತು. 2014ರಲ್ಲಿ ಬೆಳಗಾಂ ಹೋಗಿ ಬೆಳಗಾವಿ ಆಯಿತು. ನಕಾಶೆ ನಮ್ಮದಾಯಿತು, ಬೋರ್ಡು ನಮ್ಮದಾಯಿತು. ಮನಸ್ಸು?

ನಮ್ಮ ಕನ್ನಡ ಸಂಘಟನೆಗಳ ಗೆಳೆಯರಿಗೂ ಒಂದು ಮಾತು. ನೊಂದುಕೊಳ್ಳಬೇಡಿ, ನಾನೂ ನಿಮ್ಮಲ್ಲೊಬ್ಬ. ಬೋರ್ಡಿಗೆ ಮಸಿ ಬಳಿಯಲು ನೂರು ಜನ ಬರುತ್ತೇವೆ. ರಾಜ್ಯೋತ್ಸವದ ದಿನ ಹಳದಿ ಕೆಂಪು ಶಲ್ಯ ಹಾಕಿ ಮೆರವಣಿಗೆ ಮಾಡುತ್ತೇವೆ. ರಾತ್ರಿಯಾದರೆ ಏನು ಕಾರ್ಯಕ್ರಮ? ಆರ್ಕೆಸ್ಟ್ರಾ! ಡಿ.ಜೆ.! ಸಾವಿರಾರು ರೂಪಾಯಿ ಅದಕ್ಕೆ ಸುರಿದು, ಪಾರಿಜಾತದ ಮೇಳದವರು ಬಂದು ಕೇಳಿದರೆ "ಒಂದು ತಾಸಿನಾಗ ಮುಗಸರಿ" ಎನ್ನುತ್ತೇವೆ. ಇಡೀ ರಾತ್ರಿಯ ಆಟವನ್ನು ಒಂದು ತಾಸಿಗೆ ಕತ್ತರಿಸುವುದೆಂದರೆ ಬೆಳೆದು ನಿಂತ ಮರವನ್ನು ಕುಂಡದಲ್ಲಿ ಇಡುವುದು. ಸೌಭದ್ರದ ಮುಂದೆ ನಿಂತು ಸೆಟೆಯುವ ಯೋಗ್ಯತೆ ಇಂಥ ನಮಗಿದೆಯೇ?

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ವರ್ಷಕ್ಕೊಮ್ಮೆಯಾದರೂ ಕೌಜಲಗಿಯಲ್ಲಿ ಪಾರಿಜಾತ ಸಂಜೆಯಿಂದ ಬೆಳಗಿನವರೆಗೆ, ಕತ್ತರಿ ಹಾಕದೆ ಆಡಬೇಕು. ನಿಂಗಮ್ಮನ ಹೆಸರಿನಲ್ಲಿ ಆಡಬೇಕು. ಖರ್ಚಿಗೆ ಸರಕಾರದ ದಾರಿ ಕಾಯುವುದು ಬೇಡ, ಡಿ.ಜೆ.ಗೆ ಸುರಿಯುವ ಹಣ ಸಾಕು.

ಎರಡು: ಬಾಗಲಕೋಟೆಯಲ್ಲಿ ಬಯಲಾಟ ಅಕಾಡೆಮಿ ಇದೆ, ಸಂತೋಷ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಉಳಿದಿರುವ ಪಾರಿಜಾತದ ಪ್ರತಿಯೊಬ್ಬ ಹಿರಿಯ ಕಲಾವಿದರ ಪೂರ್ಣ ಪಾತ್ರ, ಪದ ಮತ್ತು ಮಾತು ಎರಡೂ ಧ್ವನಿಮುದ್ರಣವಾಗಬೇಕು. ಸನ್ಮಾನದ ಶಾಲು ಆಮೇಲೆ. ಮೊದಲು ಮೈಕು ಹಿಡಿಯಿರಿ!

ಮೂರು: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಗ್ಯಾದರಿಂಗಿಗೆ ಸಿನಿಮಾ ಕುಣಿತದ ಸಂಗಡ ಪಾರಿಜಾತದ ಒಂದು ಪ್ರಸಂಗವನ್ನಾದರೂ ಮ್ಯಾಳದವರಿಂದಲೇ ಕಲಿಸಿ ಆಡಿಸಬೇಕು. ಕೊರವಂಜಿಯ ಪ್ರಸಂಗ ಆಡಿದ ಹುಡುಗಿ ಮುಂದೆಂದೂ "ಅದು ಬರೇ ಆಟ" ಎನ್ನುವುದಿಲ್ಲ.

ನಾಲ್ಕು: ಬೆಳಗಾವಿಯಲ್ಲಿ ಅಧಿವೇಶನ ನಡೆದಾಗ ಮಂತ್ರಿ ಶಾಸಕರಿಗೆ ಒಂದು ರಾತ್ರಿ ಪೂರ್ತಿ ಪಾರಿಜಾತ ತೋರಿಸಬೇಕು. ಭಾಗವತನ ಬಾಯಿಂದ ನಾಲ್ಕು ಚುಚ್ಚು ಮಾತು ಅವರಿಗೂ ಬೀಳಲಿ!

ಮತ್ತೆ ಆ ಮಾಸ್ತರರ ಸುದ್ದಿಗೆ ಬರುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಒಂದು ಕರೆ ಇದೆ. ಮಾಸ್ತರ, ನೀವು ಸೌಭದ್ರ ನೋಡಿದ್ದು ಸರಿ, ಮೆಚ್ಚಿದ್ದೂ ಸರಿ. ಈ ಸಲ ಪಾರಿಜಾತಕ್ಕೆ ಬರ್ರಿ. ಕಂಬಳಿ ತರಬ್ಯಾಡ್ರಿ. ನಿಮ್ಮ ಮೊಮ್ಮಗಳನ್ನು ಕರಕೊಂಡು ಬರ್ರಿ, ಮುಂದಿನ ಸಾಲಿನಾಗ ಕುಂಡರ್ರಿ. ಭಾಮೆ ಚಿಲಕ ಹಾಕಿದಾಗ ಆ ಹುಡುಗಿಯ ಮುಖ ನೋಡ್ರಿ. ಬೆಳಗಾದ ಮೇಲೆ ನಿಮ್ಮ ತೀರ್ಪು ಹೇಳ್ರಿ. ಆಗಲೂ ಸೌಭದ್ರವೇ ಮೇಲು ಎಂದರೆ ಒಪ್ಪಿಕೊಳ್ಳುತ್ತೇನೆ. ಪೂರ್ತಿ ನೋಡಿದವರ ತೀರ್ಪಿಗೆ ಬೆಲೆಯಿದೆ.

ಕನ್ನಡ ಬಾಂಧವರೇ, ಹೂವು ಪಕ್ಕದ ಅಂಗಳದಲ್ಲಿ ಉದುರಿತೆಂದು ಅಳುತ್ತ ಕುಳಿತದ್ದು ಸಾಕು. ಉದುರಲಿ, ಪರಿಮಳ ಎಲ್ಲರಿಗೂ ಸಲ್ಲಲಿ. ಆದರೆ ಮರ ನಮ್ಮ ಅಂಗಳದಲ್ಲಿದೆ. ಅದರ ಬುಡಕ್ಕೆ ನೀರು ಹಾಕುವ ಕೆಲಸ ರುಕ್ಮಿಣಿಯದಲ್ಲ, ನಮ್ಮದು. ಬುಡ ಒಣಗಿದ ದಿನ ಎರಡೂ ಅಂಗಳದಲ್ಲಿ ಹೂವಿರುವುದಿಲ್ಲ.

ಕೊಡ ತುಂಬಿಸಿ, ಬನ್ನಿ!

ಸಿರಿಗನ್ನಡಂ ಗೆಲ್ಗೆ! ಜೈ ಭುವನೇಶ್ವರಿ!